ನೆವ್ ಗಾರ್‌ಸೈಡ್ ಹೊಡೆದ ಕೊನೆಯ ಪೆನಾಲ್ಟಿ

"ಬಂದ್ರಾ ಅಂತೂ? ಎರಡು ದಿನದಿಂದ ದಾರಿ ಕಾಯ್ತಿದೀನಿ. ಬೂಟು ಒರೆಸ್ಕೊಂಡು ಒಳಗೆ ಬನ್ನಿ."

ನೆವಿಲ್ ಗಾರ್‌ಸೈಡ್ ಬೂಟು ಒರೆಸಿಕೊಂಡು ಒಳಗೆ ಹೋದ. ಹದಿನೈದು ವರ್ಷ ಫುಟ್‌ಬಾಲ್ ಆಡಿಕೊಂಡು ಬದುಕಿದವನು ಅವನು. ಇದು ಹತ್ತನೆಯ ಕ್ಲಬ್ಬು. ಯಾವ ಕ್ಲಬ್ಬಿನಲ್ಲೂ ಅವನಿಗಾಗಿ ಯಾರೂ ದಾರಿ ಕಾದಿದ್ದಿಲ್ಲ. ಹಾಗಾಗಿ ಈ ಸ್ವಾಗತ ಯಾಕೋ ಅತಿಯಾಯಿತು ಅನ್ನಿಸಿದರೂ ಸುಮ್ಮನಿದ್ದ.

ಸ್ಕಾರ್‌ಬೆಕ್ ಟೌನ್ ಕ್ಲಬ್ಬಿನ ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಕೆಳಗೆ ಅದೊಂದು ಇಕ್ಕಟ್ಟಾದ ಟೀ ಅಂಗಡಿ. ಒಳಗಿದ್ದ ಹೆಂಗಸಿಗೆ ಮೂವತ್ತು ದಾಟಿರಬಹುದು. ತೋಳು ಮಡಚಿದ ಸ್ವೆಟರು, ಹಬೆಗೆ ಸುರುಳಿಯಾಗಿ ಹಣೆಗೆ ಅಂಟಿಕೊಂಡ ಕಂದು ಕೂದಲು. ಮೂಲೆಯಲ್ಲಿದ್ದ ದೊಡ್ಡ ಟೀ ಹಂಡೆಯನ್ನು ಅವಳು ಬೆರಳಿನಲ್ಲಿ ತೋರಿಸಿದಳು.

"ಇದೇ ನೋಡಿ. ಕಾಯೋಕೆ ಒಂದು ಗಂಟೆ, ಸೋರೋಕೆ ಒಂದು ನಿಮಿಷ. ಯಾಕೆ ನಿಂತ್ಬಿಟ್ರಿ, ಬೀಗರ ಮನೆಗೆ ಬಂದವರ ಹಾಗೆ? ಸಾಮಾನು ತಂದಿದೀರಿ ತಾನೆ?"

ಅವಳು ಹೇಳಿದ ಸಾಮಾನೆಂದರೆ ಅವನ ಕೈಯಲ್ಲಿದ್ದ ಚೀಲ. ಅದರಲ್ಲಿದ್ದುದು ಆಟದ ಬೂಟು, ಟವೆಲು, ಎರಡು ಶರಟು. ತಾನು ರಿಪೇರಿಯವನಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಹಣೆಯ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ, ಅವನ ಮುಖವನ್ನೇ ನೋಡುತ್ತ ಕಾದು ನಿಂತಳು. ಬೂದು ಬಣ್ಣದ ಕಣ್ಣುಗಳು. ನೆವ್ ಬಾಯಿ ಮುಚ್ಚಿಕೊಂಡು ಹಂಡೆಯ ಮುಂದೆ ಮಂಡಿಯೂರಿದ. ಬಾಡಿಗೆ ಕೋಣೆಗಳಲ್ಲೇ ವಯಸ್ಸು ಕಳೆದವನಿಗೆ ನಲ್ಲಿ ರಿಪೇರಿ ಬಾರದೆ ಇರುತ್ತದೆಯೇ? ಅವಳ ಹತ್ತಿರವೇ ಒಂದು ರಬ್ಬರು ಉಂಗುರ ಕೇಳಿ ಪಡೆದು, ಚಮಚದ ಹಿಡಿಯಿಂದ ತಿರುಪು ಬಿಗಿದು, ಸೋರುವುದನ್ನು ನಿಲ್ಲಿಸಿಬಿಟ್ಟ.

ಅಷ್ಟು ಹೊತ್ತಿಗೆ ಮೈದಾನ ನೋಡಿಕೊಳ್ಳುವ ಅವಳ ಅಪ್ಪ ವಿಲ್ಫ್ ಆಕ್‌ರಾಯ್ಡ್ ಕತ್ತರಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತ.

"ಲಿನೆಟ್, ನಮ್ಮ ಹೊಸ ಲೆಫ್ಟ್ ಬ್ಯಾಕನ್ನ ಯಾಕಮ್ಮ ನೆಲದ ಮೇಲೆ ಕೂರಿಸಿದೀಯ?"

ಅವಳ ಕುತ್ತಿಗೆಯಿಂದ ಹಿಡಿದು ಕಿವಿಯ ತುದಿಯವರೆಗೂ ಕೆಂಪು ಏರಿತು. ನೆವ್ ಎದ್ದು ಕೈ ಒರೆಸಿಕೊಂಡ.

"ಆಟ ಹೇಗೋ ಗೊತ್ತಿಲ್ಲ," ಎಂದಳು ಲಿನೆಟ್ ಕೊನೆಗೆ, ಅವನ ಕಡೆ ನೋಡದೆ, "ತಿರುಪು ಚೆನ್ನಾಗಿ ಬಿಗೀತಾರೆ."

ಹಾಗೆ ಶುರುವಾಯಿತು.

ಅಭ್ಯಾಸ ಮುಗಿದ ಮೇಲೆ ಉಳಿದವರೆಲ್ಲ ಕಾರು ಹತ್ತಿ ಹೊರಟರೆ ನೆವ್ ಟೀ ಅಂಗಡಿಯ ಕಿಟಕಿಗೆ ಮೊಣಕೈ ಊರುತ್ತಿದ್ದ. ಹಿಟ್ಟಿನೊಳಗೆ ಮಾಂಸ ತುಂಬಿ ಸುಟ್ಟ ಪೈಗಳಲ್ಲಿ ಅವಳು ಸೀದುಹೋದದ್ದನ್ನು ಆರಿಸಿ ಅವನ ಮುಂದೆ ಇಡುತ್ತಿದ್ದಳು.

"ಒಳ್ಳೇದು ಕೊಟ್ರೆ ಏನಾಗುತ್ತೆ?"

"ಒಳ್ಳೇದು ಗಿರಾಕಿಗಳಿಗೆ. ಮನೇವರಿಗೆ ಸೀದಿದ್ದು."

ಅಂದುಬಿಟ್ಟ ಮೇಲೆ ಅವಳಿಗೆ ತಾನೇನು ಅಂದೆ ಎಂದು ಹೊಳೆಯಿತು. ಒರೆಸಿದ ಬಟ್ಟಲನ್ನೇ ಮತ್ತೆ ಒರೆಸತೊಡಗಿದಳು. ನೆವ್ ಆ ಸೀದ ಪೈಯನ್ನು ಒಂದು ಚೂರೂ ಬಿಡದೆ ತಿಂದ. ಅವನನ್ನು ಮನೆಯವನು ಎಂದು ಕರೆದವರು ಯಾರೂ ಇರಲಿಲ್ಲ. ರಾತ್ರಿ ಮನೆಯೊಡತಿಯ ಮಹಡಿಯ ಕೋಣೆಯಲ್ಲಿ ಮಲಗಿ ಆ ಒಂದು ಮಾತನ್ನು ಎಷ್ಟು ಸಲ ಮೆಲುಕು ಹಾಕಿದನೋ, ಮೂವತ್ಮೂರು ವರ್ಷದ ಗಂಡಸು ಹೇಳಿಕೊಳ್ಳುವಂಥದ್ದಲ್ಲ.

ಅವಳ ಕಿಟಕಿ ಮೈದಾನಕ್ಕೆ ಬೆನ್ನು ಮಾಡಿತ್ತು. ಹನ್ನೆರಡು ವರ್ಷ ಅಲ್ಲೇ ದುಡಿದರೂ ಲಿನೆಟ್ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿದವಳಲ್ಲ. ತಲೆಯ ಮೇಲಿನ ಹಲಗೆಗಳ ಸದ್ದಿನಲ್ಲೇ ಗೋಲಾಯಿತೋ ತಪ್ಪಿತೋ ಹೇಳುತ್ತಿದ್ದಳು.

"ನಿನ್ನ ಪೆನಾಲ್ಟಿ ಆದ್ರೆ ಮಾತ್ರ ಬೇರೆ," ಎಂದಳು ಒಂದು ದಿನ. ಆ ವೇಳೆಗೆ 'ನೀವು' ಹೋಗಿ 'ನೀನು' ಬಂದಿತ್ತು. "ನೀನು ಚೆಂಡು ಇಟ್ಟ ಕೂಡ್ಲೇ ಎಲ್ಲರೂ ಉಸಿರು ಬಿಗಿಹಿಡೀತಾರೆ. ಮೇಲೆ ಯಾರೂ ಇಲ್ವೇನೋ ಅನ್ಸುತ್ತೆ."

"ನಿನಗೆ?"

"ನನಗೇನು? ನಾನು ಪೈ ಎಣಿಸ್ತಿರ್ತೀನಿ." ಆದರೆ ಕಣ್ಣು ಮಾತ್ರ ಬೇರೆಯೇ ಹೇಳಿತು.

ಜನವರಿಯಲ್ಲೊಂದು ಭಾನುವಾರ ಇಬ್ಬರೂ ಸಮುದ್ರದ ಗೋಡೆಯ ಮೇಲೆ ಕುಳಿತು, ಕಾಗದದ ಪೊಟ್ಟಣದಿಂದ ಮೀನು, ಆಲೂಗಡ್ಡೆ ತಿನ್ನುತ್ತಿದ್ದರು. ಗಾಳಿ ಮುಖ ಕೊಯ್ಯುತ್ತಿತ್ತು. ನೆವ್ ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಹೊರಗೆ ಹಾಕಿದ. "ನನ್ನನ್ನ ಮದ್ವೆ ಆಗ್ತೀಯಾ ಲಿನೆಟ್?"

ಅವಳು ಬೆರಳಿನ ಎಣ್ಣೆಯನ್ನು ಕಾಗದಕ್ಕೆ ಒರೆಸಿದಳು.

"ಆಟಗಾರರ ಹೆಂಡತಿಯರನ್ನ ನಾನು ನೋಡಿದೀನಿ ನೆವ್," ಎಂದಳು. "ಮಗೂನ ಎತ್ಕೊಂಡು ಬರ್ತಾರೆ. ಮನೆಗೆ ಪರದೆ ಬಟ್ಟೆ ಎಲ್ಲಿ ಸಿಗುತ್ತೆ ಅಂತ ನನ್ನನ್ನೇ ಕೇಳ್ತಾರೆ. ಅಳತೆ ನೋಡಿ, ಹೊಲಿದು, ನೇತುಹಾಕೋಷ್ಟರಲ್ಲಿ ಗಂಡನನ್ನ ಇನ್ಯಾವುದೋ ಕ್ಲಬ್ಬಿಗೆ ಮಾರಿರ್ತಾರೆ. ಮತ್ತೆ ಗಂಟುಮೂಟೆ. ಒಬ್ಬಳು ನನ್ನ ಅಂಗಡಿ ಒಳಗೆ ಕೂತು ಅತ್ತಿದ್ಳು, ನನ್ನ ಮಗು ಯಾವ ಊರಿನವನು ಅಂತ ಹೇಳ್ಲಿ ಅಂತ. ಹೆದರಿಕೆ ಕಣೋ ನನಗೆ. ನಿನ್ನ ಕಾಲಿಗೆ ಚಕ್ರ ಕಟ್ಟಿದೆ."

"ನಾನು ಕಟ್ಕೊಂಡಿದ್ದಲ್ಲ ಅದು."

"ಗೊತ್ತು. ಎರಡು ಚಳಿಗಾಲ ಒಂದೇ ಊರಲ್ಲಿ ಇಟ್ಕೋತೀವಿ ಅಂತ ಯಾವುದಾದರೂ ಕ್ಲಬ್ ನಿನಗೆ ಬರೆದುಕೊಡಲಿ. ಯಾವ ಊರಾದ್ರೂ ಸರಿ. ಆ ದಿನ ಬಂದು ಕೇಳು, ಇಲ್ಲ ಅನ್ನಲ್ಲ." ಹಾಗೆಂದವಳೇ ಅವನ ಕೋಟಿನ ಜೇಬಿಗೆ ತನ್ನ ತಣ್ಣನೆಯ ಕೈ ತೂರಿಸಿ ಅವನ ಬೆರಳುಗಳನ್ನು ಹಿಡಿದುಕೊಂಡಳು.

ನೆವ್‌ಗೆ ಅಲ್ಲಿಯವರೆಗೂ ಯಾರೂ ಒಂದು ವರ್ಷಕ್ಕಿಂತ ಹೆಚ್ಚು ಬರೆದುಕೊಟ್ಟಿರಲಿಲ್ಲ. ಕೆಳದರ್ಜೆಯ ಕ್ಲಬ್ಬುಗಳಿಗೆ ಅವನು ಬಾಡಿಗೆಗೆ ತಂದ ಏಣಿಯಿದ್ದ ಹಾಗೆ. ಕೆಲಸ ಮುಗಿದ ಮೇಲೆ ಮನೆಯಲ್ಲಿಟ್ಟುಕೊಳ್ಳುವವರಿಲ್ಲ.

ಮಾರ್ಚ್ ತಿಂಗಳಿನ ಕೊನೆಗೆ, ಆಟಗಾರರ ಮಾರಾಟದ ಗಡುವು ಮುಗಿಯುವ ದಿನ, ಸ್ಕಾರ್‌ಬೆಕ್ ಅವನನ್ನು ಮಾರಿತು. ಕೊಂಡದ್ದು ಮಾರ್‌ಫೋರ್ಡ್ ಸಿಟಿ. ಲೀಗಿನ ನಾಲ್ಕನೆಯ, ಅಂದರೆ ಕೊನೆಯ ದರ್ಜೆಯ ಮೇಲ್ತುದಿಯಲ್ಲಿ ಮಾರ್‌ಫೋರ್ಡ್, ಕೆಳತುದಿಯಲ್ಲಿ ಸ್ಕಾರ್‌ಬೆಕ್. ಅಲ್ಲಿನ ಮ್ಯಾನೇಜರು ಕೈ ಕುಲುಕುತ್ತ ಹೇಳಿದ: "ಮೇಲಿನ ದರ್ಜೆಗೆ ಹೋದ್ರೆ ನಿನಗೆ ಎರಡು ವರ್ಷದ ಕರಾರು. ಹೋಗದಿದ್ರೆ, ನಿನಗೇ ಗೊತ್ತಲ್ಲ."

ಎರಡು ವರ್ಷ! ನೆವ್ ಓಡಿಬಂದು ಕಿಟಕಿಯಲ್ಲಿ ಈ ಸುದ್ದಿ ಹೇಳಿದಾಗ ಲಿನೆಟ್ ನಗುತ್ತ, ಅಳುತ್ತ, ಅವತ್ತು ಮಾತ್ರ ಸೀಯದ ಪೈ ಕಟ್ಟಿಕೊಟ್ಟಳು.

ಆದರೆ ವಿಧಿಯ ಆಟ ನೋಡಿ. ಆಟದ ಋತುವಿನ ಕೊನೆಯ ಶನಿವಾರ ಮಾರ್‌ಫೋರ್ಡ್ ಆಡಬೇಕಾದದ್ದು ಸ್ಕಾರ್‌ಬೆಕ್‌ನಲ್ಲೇ. ಗೆದ್ದರೆ ಮಾರ್‌ಫೋರ್ಡ್ ಮೇಲಕ್ಕೆ. ಸೋತರೆ ಸ್ಕಾರ್‌ಬೆಕ್ ಲೀಗಿನಿಂದಲೇ ಹೊರಕ್ಕೆ. ಪಂದ್ಯ ಸಮವಾದರೆ ಸ್ಕಾರ್‌ಬೆಕ್ ಉಳಿಯುತ್ತದೆ, ಮಾರ್‌ಫೋರ್ಡ್ ಇದ್ದಲ್ಲೇ ಇರುತ್ತದೆ. ವಿಲ್ಫನ ಅಪ್ಪ ಕತ್ತರಿಸಿದ್ದ ಹುಲ್ಲನ್ನೇ ವಿಲ್ಫ್ ಕತ್ತರಿಸುತ್ತಿದ್ದ. ಕ್ಲಬ್ಬು ಹೋದರೆ ಆ ಊರಿನಲ್ಲಿ ಮೀನಿನ ವಾಸನೆ, ಮಂಜು ಬಿಟ್ಟು ಬೇರೇನೂ ಉಳಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಅದರ ಹಿಂದಿನ ಭಾನುವಾರ ನೆವ್ ಫೋನು ಮಾಡಿದ.

"ಅಪ್ಪ ಊಟ ಮಾಡ್ತಿಲ್ಲ," ಎಂದಳು ಲಿನೆಟ್.

"ನಾನು ಏನು ಮಾಡ್ಲಿ ಹೇಳು."

"ನನ್ನನ್ನ ಕೇಳ್ಬೇಡ. ದಯವಿಟ್ಟು ನನ್ನನ್ನ ಮಾತ್ರ ಕೇಳ್ಬೇಡ ನೆವ್."

ಶನಿವಾರ ಮೈದಾನಕ್ಕೆ ಇಳಿದ ಕೂಡಲೇ ಗೋಡೆಯ ಆಚೆಯಿಂದ ಬೈಗುಳ ಶುರುವಾಯಿತು. ಎರಡು ತಿಂಗಳ ಹಿಂದೆ ಅವನ ಹೆಸರು ಹಿಡಿದು ಹಾಡಿದ್ದ ಗಂಟಲುಗಳೇ ಅವು.

"ಉಂಡ ಮನೆಗೆ ಕನ್ನ ಹಾಕೋಕೆ ಬಂದ್ಯೇನೋ ಗಾರ್‌ಸೈಡ್?"

"ನಿನ್ನ ಟೀ ಆರ್ತಾ ಇದೆ ಕಣೋ! ಹೋಗಿ ಕುಡ್ಕೊಂಡು ಬಾ, ನಾವು ಕಾಯ್ತೀವಿ!"

ನೆವ್ ತಲೆ ತಗ್ಗಿಸಿ ಆಡಿದ. ಹನ್ನೊಂದು ಮನೆಯಲ್ಲಿ ಉಂಡವನಿಗೆ ಯಾವ ಮನೆಯದು ಯಾವ ಋಣ? ಉಟ್ಟ ಅಂಗಿಯ ಬಣ್ಣಕ್ಕೆ ನಿಯತ್ತಾಗಿ ದುಡಿಯುವುದೊಂದೇ ಅವನಿಗೆ ಗೊತ್ತಿದ್ದ ಧರ್ಮ. ಆ ಧರ್ಮ ಅಂದು ಕಲ್ಲಿನಷ್ಟು ಭಾರವಾಗಿತ್ತು.

ಯಾರಿಗೂ ಗೋಲು ಬರಲಿಲ್ಲ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ, ಗೋಲಿನ ಮುಂದೆಯೇ ಸ್ಕಾರ್‌ಬೆಕ್‌ನ ಆಟಗಾರನೊಬ್ಬನ ಕೈಗೆ ಚೆಂಡು ತಗುಲಿತು. ರೆಫರಿ ಸೀಟಿ ಊದಿದ. ಪೆನಾಲ್ಟಿ.

ಮಾರ್‌ಫೋರ್ಡ್‌ನ ಪೆನಾಲ್ಟಿ ಹೊಡೆಯುವವನು ನೆವ್. ಅವನು ಚೆಂಡನ್ನು ಎತ್ತಿಕೊಂಡ. ಮೈದಾನ ಮಸಣದಷ್ಟು ಸುಮ್ಮನಾಯಿತು. ಎದುರಿಗೆ ಗೋಲಿನಲ್ಲಿ ಡೆಸ್ ಪಾಲಿಟ್. ಚಳಿಗಾಲವಿಡೀ ಪ್ರತಿ ಗುರುವಾರ ಅಭ್ಯಾಸದಲ್ಲಿ ಅವನ ಪೆನಾಲ್ಟಿಗಳಿಗೆ ಎದುರಾಗಿದ್ದ ಗೆಳೆಯ. ನೆವ್ ಯಾವಾಗಲೂ ಗೋಲು ಕಾಯುವವನ ಎಡಕ್ಕೆ, ನೆಲಕ್ಕೆ ಸವರಿದಂತೆ ಹೊಡೆಯುತ್ತಾನೆ ಎಂಬುದು ಡೆಸ್‌ಗೆ ಕಂಠಪಾಠ.

ಚೆಂಡು ಇಟ್ಟು ತಲೆ ಎತ್ತಿದಾಗ ಅವಳು ಕಂಡಳು. ಆಟಗಾರರು ಹೊರಬರುವ ದಾರಿಯ ಬಾಯಲ್ಲಿ, ಏಪ್ರನ್ ಕಟ್ಟಿಕೊಂಡೇ ನಿಂತಿದ್ದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಂಗಡಿ ಬಿಟ್ಟು ಬಂದಿದ್ದಳು. ಎರಡೂ ಕೈ ಎದೆಗೆ ಒತ್ತಿಕೊಂಡಿದ್ದಳು, ತುಟಿ ಅಲುಗುತ್ತಿತ್ತು. ಅವಳ ಪಕ್ಕದಲ್ಲಿ ವಿಲ್ಫ್ ಗೋಡೆಗೆ ಮುಖ ತಿರುಗಿಸಿ ನಿಂತಿದ್ದ.

ಬೇಡಿಕೊಳ್ಳುತ್ತಿದ್ದಾಳೆ, ತಪ್ಪಲಿ ಅಂತ, ಎಂದುಕೊಂಡ ನೆವ್. ಅಪ್ಪನಿಗೋಸ್ಕರ, ಊರಿಗೋಸ್ಕರ. ಆದರೂ ಎರಡು ಹೆಜ್ಜೆ ಹಿಂದೆ ಬಂದು ನಿಶ್ಚಯ ಮಾಡಿದ: ಹಳೆಯ ಮೂಲೆ ಬೇಡ, ಡೆಸ್‌ನ ಬಲಕ್ಕೆ, ಎತ್ತರಕ್ಕೆ.

ಓಡಿಬಂದು ಹೊಡೆದ. ಡೆಸ್ ಹಳೆಯ ಮೂಲೆಗೇ ಹಾರಿದ. ಗೋಲಿನ ಅರ್ಧಭಾಗ ಬಟ್ಟಬಯಲಾಗಿತ್ತು. ಚೆಂಡು ಮೇಲಿನ ಅಡ್ಡಕಂಬಕ್ಕೆ ತಗುಲಿ, ಪುಟಿದು, ಸ್ಟ್ಯಾಂಡಿನ ತಗಡಿನ ಮೇಲೆ ಸದ್ದು ಮಾಡುತ್ತ ಹೊರಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಡೀ ಊರು ಕೂಗಿದ ಕೂಗಿಗೆ ಕಡಲ ಹಕ್ಕಿಗಳು ಮಾಡು ಬಿಟ್ಟು ಎದ್ದವು.

ಪಂದ್ಯ ಮುಗಿದ ಮೇಲೆ ಮಾರ್‌ಫೋರ್ಡ್‌ನ ಮ್ಯಾನೇಜರು ಅವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಬಸ್ಸಿಗೆ ಬರ್ಬೇಡ. ಹುಡುಗರು ನಿನ್ನ ಮೈ ಮುಟ್ಟಿದ್ರೆ ನಾನು ಹೊಣೆ ಅಲ್ಲ. ಖಾಲಿ ಗೋಲಪ್ಪಾ ಅದು! ಯಾರಿಗೋಸ್ಕರ ಅಂತ ಎಲ್ಲರಿಗೂ ಗೊತ್ತು." ನೆವ್ ಬಾಯಿ ತೆರೆಯುವ ಮೊದಲೇ ಅವನು ಬೆನ್ನು ತಿರುಗಿಸಿದ್ದ.

ಹೊರಗೆ ಕಾದಿದ್ದ ಜನ ನೆವ್‌ನನ್ನು ಎಳೆದುಕೊಂಡು ಕ್ಲಬ್ಬಿನ ಕೋಣೆಗೆ ಹೋದರು. ಬೆನ್ನ ಮೇಲೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಯಾರೋ ಬಿಯರ್ ಲೋಟ ಕೈಗಿಟ್ಟರು.

"ನಮ್ಮವನು! ನಮ್ಮ ಹುಡುಗ!"

"ಹೆಣ್ಣಿಗೋಸ್ಕರ ರಾಜ್ಯ ಬಿಟ್ಟವರ ಕಥೆ ಕೇಳಿದ್ದೆ, ಪೆನಾಲ್ಟಿ ಬಿಟ್ಟವನನ್ನ ಈಗ ನೋಡಿದೆ!"

ಗುಂಪು ಸೀಳಿಕೊಂಡು ವಿಲ್ಫ್ ಬಂದ. ಇಷ್ಟು ದಿನ ನೆವ್‌ನನ್ನು 'ಆ ಅಲೆಮಾರಿ' ಎಂದೇ ಕರೆಯುತ್ತಿದ್ದ ಮುದುಕನ ಕಣ್ಣು ಕೆಂಪಾಗಿತ್ತು. ಮಣ್ಣು ಮೆತ್ತಿದ ಎರಡೂ ಕೈಯಿಂದ ನೆವ್‌ನ ಕೈ ಹಿಡಿದುಕೊಂಡ.

"ನನ್ನ ಮಗಳಿಗೋಸ್ಕರ ನಿನ್ನ ಅನ್ನ ಬಿಟ್ಟುಕೊಟ್ಟೆಯಲ್ಲೋ. ಇನ್ನು ನಾನೇನು ಹೇಳೋದಿದೆ? ಅವಳನ್ನ ಕರ್ಕೊಂಡು ಹೋಗು. ನನ್ನ ಆಶೀರ್ವಾದ ಇದೆ."

ಬಾಗಿಲ ಹತ್ತಿರ ಲಿನೆಟ್ ನಿಂತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಏನನ್ನೋ ಕಾಯುತ್ತಿರುವಂತೆ ಅವನನ್ನೇ ನೋಡುತ್ತಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ತಲೆ ಬಾಗಿಸಿ ಒಂದು ಗುಟುಕು ಕುಡಿದಿದ್ದರೆ ಊರು, ಮಾವ, ಹೆಂಡತಿ ಎಲ್ಲವೂ ಅವನದಾಗುತ್ತಿತ್ತು. ಎಲ್ಲಿಯೂ ನೆಲೆಯಿಲ್ಲದವನಿಗೆ ಒಂದೇ ಮಧ್ಯಾಹ್ನದಲ್ಲಿ ಇಷ್ಟೆಲ್ಲ ಸಿಕ್ಕಿತ್ತು. ನೆವ್ ಲೋಟವನ್ನು ಕೆಳಗಿಟ್ಟ.

"ನಾನು ಬಿಟ್ಟುಕೊಡಲಿಲ್ಲ ವಿಲ್ಫ್," ಎಂದ. "ಗೋಲಿಗೇ ಹೊಡೆದೆ. ಡೆಸ್‌ಗೆ ನನ್ನ ಮೂಲೆ ಗೊತ್ತು ಅಂತ ಬದಲಾಯಿಸಿದೆ. ಅಭ್ಯಾಸ ಇಲ್ಲದ ಮೂಲೆ, ಕಾಲು ತಪ್ತು, ಅಷ್ಟೇ. ಒಳಗೆ ಹೋಗಿದ್ರೆ ನೀವು ಇವತ್ತು ಮುಳುಗ್ತಿದ್ರಿ, ನಾನೇ ಮುಳುಗಿಸ್ತಿದ್ದೆ."

ಕೋಣೆಯೊಳಗಿನ ಸದ್ದು ಒಂದೊಂದೇ ಮೂಲೆಯಿಂದ ಆರಿಹೋಯಿತು. ವಿಲ್ಫ್ ಕೈಗಳನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ನೆವ್ ಜನ ಬಿಟ್ಟುಕೊಟ್ಟ ದಾರಿಯಲ್ಲಿ ಹೊರಗೆ ನಡೆದ. ಬಾಗಿಲ ಹತ್ತಿರ ಲಿನೆಟ್‌ಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ಮೇ ತಿಂಗಳ ಸಂಜೆ ಬಿಸಿಲು ಇನ್ನೂ ಇತ್ತು. ಸ್ಟ್ಯಾಂಡಿನ ಹಿಂದಿನ ಖಾಲಿ ಬಯಲಿನಲ್ಲಿ ಅವನು ಅರ್ಧ ದಾರಿ ಹೋಗಿದ್ದ.

"ನಿಂತ್ಕೊ!"

ನಿಂತ. ಲಿನೆಟ್ ಓಡಿಬಂದು ಏದುಸಿರು ಬಿಡುತ್ತ ಅವನ ಮುಂದೆ ಬಂದಳು.

"ನಿಜಾನಾ ಅದು? ಗೋಲಿಗೇ ಹೊಡೆದ್ಯಾ?"

"ಹೂಂ. ನೀನು ನಿಂತಿದ್ದು ನೋಡ್ದೆ. ತಪ್ಪಲಿ ಅಂತ ಬೇಡ್ಕೋತಿದೀಯ ಅಂತ ಗೊತ್ತಿದ್ದೂ ಹೊಡೆದೆ. ಕ್ಷಮಿಸು ಅಂತ ಕೇಳಲ್ಲ ಲಿನೆಟ್. ಬೇಕಂತಲೇ ತಪ್ಪಿಸೋನು ನಿನಗೂ ಒಂದಿನ ಸುಳ್ಳು ಹೇಳ್ತಾನೆ."

ಅವಳು ಏಪ್ರನ್ ಮೇಲೆತ್ತಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಅವನಿಗೆ ತಿಳಿಯಲಿಲ್ಲ.

"ದಡ್ಡ," ಎಂದಳು ಬಟ್ಟೆಯೊಳಗಿಂದ. "ದಡ್ಡ ಕಣೋ ನೀನು. ನಾನು ಗೋಲಾಗ್ಲಿ ಅಂತ ಬೇಡ್ಕೊಂಡೆ."

ನೆವ್ ಅವಳ ಮುಖದಿಂದ ಏಪ್ರನ್ ಸರಿಸಿದ.

"ಅಪ್ಪ ಪಕ್ಕದಲ್ಲೇ ನಿಂತಿದ್ದ. ಗೋಡೆ ಕಡೆ ತಿರುಗಿ ನಡುಗ್ತಿದ್ದ. ಇಡೀ ಊರು ಉಸಿರು ಹಿಡ್ಕೊಂಡಿತ್ತು. ನಾನು ಮಾತ್ರ ದೇವರೇ ಗೋಲಾಗ್ಲಿ, ಅವನಿಗೆ ಎರಡು ವರ್ಷ ಸಿಗ್ಲಿ, ಊರು ಹಾಳಾದ್ರೂ ಆಗ್ಲಿ ಅಂದೆ. ನನ್ನಂಥ ಪಾಪಿ ಇದಾಳಾ ಹೇಳು? ಒಳಗೆ ಎಲ್ಲರೂ ನೀನು ನನಗೋಸ್ಕರ ತಪ್ಪಿಸ್ದೆ ಅಂದಾಗ ನನಗೆ ಎಂಥಾ ಕೋಪ ಬಂತು ಗೊತ್ತಾ? ನನ್ನನ್ನ ಕೇಳದೆ ನಮ್ಮ ಮನೇನ ಗಾಳಿಗೆ ತೂರಿಬಿಟ್ಯಲ್ಲ ಅಂತ."

"ಈಗ ಆ ಎರಡು ವರ್ಷ ಇಲ್ಲ. ಏನೂ ಇಲ್ಲ ನನ್ನ ಹತ್ರ."

"ಎರಡು ವರ್ಷ ಕೇಳಿದ್ದು ನನ್ನ ಹೆದರಿಕೆ. ಇವತ್ತು ಅಲ್ಲಿ ನಿಂತಾಗ ಅದಕ್ಕಿಂತ ದೊಡ್ಡದೊಂದು ನನ್ನೊಳಗೆ ಇದೆ ಅಂತ ಗೊತ್ತಾಯ್ತು." ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಹಬೆಗೆ ಬೆಂದು ಒರಟಾದ, ಬೆಚ್ಚನೆಯ ಬೆರಳುಗಳು. "ಜೂನ್‌ನಲ್ಲಿ ಮದ್ವೆ ಆಗೋಣ, ಆಟ ಇಲ್ಲದ ತಿಂಗಳಲ್ಲಿ, ನಿಮ್ಮ ಆಟದವರೆಲ್ಲ ಆಗೋ ಹಾಗೆ. ಆಮೇಲೆ ಯಾವ ಕ್ಲಬ್ಬು ಕರೆದ್ರೂ, ಒಂದು ತಿಂಗಳಿಗಾದ್ರೂ ಸರಿ, ಬರ್ತೀನಿ."

ಹಿಂದೆ ಹೆಜ್ಜೆ ಸಪ್ಪಳವಾಯಿತು. ವಿಲ್ಫ್ ನೆವ್‌ನ ಚೀಲ ಹಿಡಿದುಕೊಂಡು ಬಂದಿದ್ದ. ಎಷ್ಟು ಕೇಳಿಸಿಕೊಂಡನೋ. ಲಿನೆಟ್ ಅಪ್ಪನ ಕಡೆ ತಿರುಗಿದಳು, ಆದರೆ ಕೈ ಬಿಡಲಿಲ್ಲ.

"ಅಪ್ಪ, ನಾನೂ ಗೋಲಾಗ್ಲಿ ಅಂತ..."

"ಕೇಳಿಸ್ತಮ್ಮ," ಎಂದ ವಿಲ್ಫ್. ಚೀಲವನ್ನು ನೆಲಕ್ಕೆ ಇಳಿಸಿದ. "ಆಗಲೂ ಕೇಳಿಸ್ತಿತ್ತು. ಪುಣ್ಯಕ್ಕೆ ಮೇಲಿನವನಿಗೆ ಕೇಳಿಸ್ಲಿಲ್ಲ." ನೆವ್‌ನನ್ನು ನೋಡಿದ. "ಅಲ್ವಯ್ಯಾ, ಬಾಯಿ ಮುಚ್ಕೊಂಡಿದ್ರೆ ಇವತ್ತು ರಾಜ ಆಗ್ತಿದ್ದೆ. ಯಾಕಯ್ಯಾ ಹೇಳ್ದೆ?"

"ನೀವು ನನ್ನ ಕೈ ಹಿಡಿದಿದ್ರಲ್ಲ. ಹಿಡಿದ ಕೈಗೆ ಸುಳ್ಳು ಹೇಳೋಕಾಗಲಿಲ್ಲ."

ವಿಲ್ಫ್ ಗಡ್ಡ ಕೆರೆದುಕೊಂಡ. ಆಮೇಲೆ, "ಜೂನ್ ಅಂದ್ಯೇನಮ್ಮ?" ಎಂದ ಮಗಳಿಗೆ.

"ಜೂನ್ ಬೇಡ," ಎಂದ ನೆವ್.

ಲಿನೆಟ್‌ಳ ಹಿಡಿತ ಸಡಿಲವಾಯಿತು. ಅವನು ಅದನ್ನು ಬಿಗಿಯಾಗಿ ಹಿಡಿದುಕೊಂಡ.

"ಆಗಸ್ಟ್. ಕೊನೆಯ ಶನಿವಾರ. ಮಧ್ಯಾಹ್ನ ಮೂರು ಗಂಟೆಗೆ."

ಅದು ದೇಶದ ಮೈದಾನಗಳಲ್ಲೆಲ್ಲ ಒಟ್ಟಿಗೆ ಸೀಟಿ ಊದಿ ಆಟ ಶುರುವಾಗುವ ಹೊತ್ತು. ಆಡುತ್ತಿರುವವರು ಯಾರೂ ಆ ಹೊತ್ತಿಗೆ ಮದುವೆ ಇಟ್ಟುಕೊಳ್ಳುವುದಿಲ್ಲ, ಸಾವಿನ ಮನೆಗೂ ಹೋಗುವುದಿಲ್ಲ. ಹದಿನೆಂಟು ತುಂಬಿದಾಗಿನಿಂದ ನೆವ್ ಆ ಹೊತ್ತಿನಲ್ಲಿ ಬೇರೆಲ್ಲೂ ಇದ್ದವನಲ್ಲ.

ಮೊದಲು ಅರ್ಥವಾದದ್ದು ವಿಲ್ಫನಿಗೆ. ಮುದುಕ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೆವ್," ಎಂದಳು ಲಿನೆಟ್, "ನಾನು ಬಿಡು ಅಂದೆನಾ? ನಿನ್ನ ಆಟ..."

"ನೀನು ಅನ್ನಲಿಲ್ಲ. ಕಾಲು ಹೇಳ್ತಿದೆ, ಸಾಕು ಅಂತ. ನಾನೇ ಕೇಳಿಸ್ಕೊಂಡಿರಲಿಲ್ಲ." ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಅವಳು ಹತ್ತಿರ ಬಂದು ಅವನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಹತ್ತು ಊರು ಬಿಟ್ಟಾಗಲೂ ಅಳದವನು ಆ ಬಯಲಿನಲ್ಲಿ ನಿಂತು ಮಗುವಿನ ಹಾಗೆ ಅತ್ತ.

ಬಹಳ ಹೊತ್ತಾದ ಮೇಲೆ ಲಿನೆಟ್ ಅಪ್ಪನ ಕಡೆ ನೋಡಿದಳು. "ಅವತ್ತು ಇಲ್ಲಿ ಆಟ ಇದ್ರೆ ಏನಪ್ಪಾ ಮಾಡೋದು?"

ವಿಲ್ಫ್ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡ. ಬಗ್ಗಿ ನೆವ್‌ನ ಚೀಲವನ್ನು ಎತ್ತಿಕೊಂಡು ಮನೆಯ ಕಡೆ ತಿರುಗಿದ.

"ಇದ್ರೆ ಇರ್ಲಿ," ಎಂದ. "ಒಂದಿನ ಹುಲ್ಲನ್ನ ಬೇರೆ ಯಾರಾದರೂ ನೋಡ್ಕೋತಾರೆ."